ನಿಮ್ಮವನು ಕಳಿಸ್ತಿದ್ದಾನಾ?

ನವೆಂಬರ್ 1 ಎಂದರೆ ನಮಗೆ ರಾಜ್ಯೋತ್ಸವ. ಅಮೆರಿಕದಲ್ಲಿದ್ದು, ಮನೆಯಲ್ಲಿ ಹನ್ನೆರಡನೇ ತರಗತಿಯ ಕೂಸೊಂದನ್ನು ಇಟ್ಟುಕೊಂಡ ಕನ್ನಡಿಗರಿಗೆ ಅದು ಇನ್ನೊಂದು ಕಾರಣಕ್ಕೂ ನೆನಪಿರುವ ತಾರೀಖು. ಎಷ್ಟೋ ಕಾಲೇಜುಗಳಿಗೆ ಮುಂಚೆಯೇ ಅರ್ಜಿ ಹಾಕುವವರಿಗೆ ಅದೇ ಕಡೆಯ ದಿನ. ಹೀಗಾಗಿ ನ್ಯೂಜೆರ್ಸಿಯ ಕನ್ನಡ ಕೂಟದ ರಾಜ್ಯೋತ್ಸವದೂಟದಲ್ಲಿ, ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತವರ ಬಾಯಲ್ಲಿ ಏಕೀಕರಣದ ಸುದ್ದಿ ಬರಲೇ ಇಲ್ಲ. ಬಂದದ್ದು ಒಂದೇ ಮಾತು: “ನಿಮ್ಮವನು ಕಳಿಸ್ತಿದ್ದಾನಾ?”

ಏನನ್ನು ಅಂತೀರಾ? ಎಸ್‌ಎಟಿ ಪರೀಕ್ಷೆಯ ಅಂಕವನ್ನು. ಅಲ್ಲಿ ಈಗ ಬಹಳಷ್ಟು ಕಾಲೇಜುಗಳು “ಬೇಕಿದ್ದರೆ ಕಳಿಸಿ, ಇಲ್ಲದಿದ್ದರೆ ಬಿಡಿ” ಎನ್ನುತ್ತವೆ. ಎಷ್ಟು ಬಂತು ಎಂದು ನೇರವಾಗಿ ಕೇಳುವುದು ಅಸಭ್ಯ, ಕಳಿಸ್ತಿದ್ದಾನಾ ಎಂದು ಕೇಳುವುದು ಸಭ್ಯ. “ಹೂಂ, ಕಳಿಸ್ತಿದ್ದಾನೆ” ಎಂದರೆ 1550ಕ್ಕೆ ಕಡಿಮೆಯಿಲ್ಲ ಎಂದುಕೊಳ್ಳಬೇಕು. “ಇನ್ನೂ ನೋಡ್ತಿದ್ದೀವಿ” ಎಂದರೆ ಎಲ್ಲೋ 1400ರ ಆಸುಪಾಸು. “ನಮಗೆ ಈ ಪರೀಕ್ಷೆಗಳ ಮೇಲೇ ನಂಬಿಕೆಯಿಲ್ಲ” ಎಂದವರಿಗೆ ಮಾತ್ರ ಏನೂ ಕೇಳದೆ ಇನ್ನೊಂದು ಹಪ್ಪಳ ಬಡಿಸಬೇಕು.

ನನ್ನ ಮೊಮ್ಮಗ “ಇನ್ನೂ ನೋಡ್ತಿದ್ದೀವಿ” ಪಂಗಡದವನು. 1600ಕ್ಕೆ 1430. ಗಣಿತದಲ್ಲಿ 760, ಓದು ಬರಹದಲ್ಲಿ 670. “ಹಾಗಾದರೆ ಗಣಿತದ್ದೊಂದನ್ನೇ ಕಳಿಸಪ್ಪ” ಎಂದಳು ಅವನ ಅಜ್ಜಿ. ಹಾಗೆಲ್ಲ ಹರಿದು ಕಳಿಸಲು ಬರುವುದಿಲ್ಲವಂತೆ. ಆದರೆ ಬೇರೆ ಬೇರೆ ಸಲ ಬರೆದ ಪರೀಕ್ಷೆಗಳಿಂದ ಒಂದರ ಗಣಿತ, ಇನ್ನೊಂದರ ಇಂಗ್ಲಿಷು ಹೆಕ್ಕಿ, ಒಳ್ಳೆಯದನ್ನೆಲ್ಲ ಕೂಡಿಸಿ ನೋಡುವ ಕಾಲೇಜುಗಳು ಬೇಕಾದಷ್ಟಿವೆ. ಅದನ್ನು ಸೂಪರ್‌ಸ್ಕೋರ್ ಎನ್ನುತ್ತಾರೆ. ಇದೆಂಥ ಉದಾರತೆ ಎಂದು ಅವಳು ಬೆರಗಾದಳು. ಅಷ್ಟೇನೂ ಬೆರಗಾಗಬೇಕಿಲ್ಲ, ನಮ್ಮ ರಾಜ್ಯದಲ್ಲೂ 2024ರಿಂದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಹೆಚ್ಚು ಬಂದದ್ದನ್ನು ಉಳಿಸಿಕೊಳ್ಳಬಹುದು. ನಮ್ಮ ಕಾಲದಲ್ಲಿ ಎಲ್ಲಿತ್ತು ಇದು? ನಂಬರು ಪೇಪರಿನಲ್ಲಿ ಬರಬೇಕು. ಬಾರದಿದ್ದರೆ ಇಡೀ ಬೀದಿಗೆ ಗೊತ್ತು. ಹಾಲಿನವನೂ ಬಂದು ಸಮಾಧಾನ ಹೇಳಿ ಹೋಗುತ್ತಿದ್ದ. ಅಂಕವನ್ನು ಹೇಳಬೇಕೋ ಬೇಡವೋ ಎಂದು ಯೋಚಿಸುವ ಸೌಭಾಗ್ಯ ನಮಗೆ ಒದಗಲೇ ಇಲ್ಲ.

ಈ ಸೌಭಾಗ್ಯ ಕೊರೊನಾ ಕೊಟ್ಟದ್ದು ಎಂದು ನಾನು ತಿಳಿದಿದ್ದೆ. ಅಳಿಯ ತಿದ್ದಿದ. ಮೇಯ್ನ್ ರಾಜ್ಯದ ಬೋಡನ್ ಎಂಬ ಸಣ್ಣ ಕಾಲೇಜು 1969ರಲ್ಲೇ ಅಂಕ ಕಡ್ಡಾಯವಲ್ಲ ಎಂದಿತ್ತಂತೆ. 2018ರಲ್ಲಿ ಶಿಕಾಗೊ ವಿಶ್ವವಿದ್ಯಾಲಯ ಅದೇ ದಾರಿ ಹಿಡಿಯಿತು. 2020ರಲ್ಲಿ ಪರೀಕ್ಷಾ ಕೇಂದ್ರಗಳೇ ಬಾಗಿಲು ಹಾಕಿದಾಗ ಉಳಿದವರಿಗೂ ಬೇರೆ ಗತಿಯಿರಲಿಲ್ಲ. ರೋಗ ಹೋದ ಮೇಲೆ ಒಬ್ಬೊಬ್ಬರದು ಒಂದೊಂದು ಹಾದಿ. ಎಂಐಟಿ 2022ರಲ್ಲೇ ಮತ್ತೆ ಕಡ್ಡಾಯ ಮಾಡಿತು. ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ 2024ರಲ್ಲಿ ಹಾಗೇ ಅಂದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು ಗಾಂಧಾರಿಯ ವ್ರತ, ಕಳಿಸಿದರೂ ಕಣ್ಣು ಬಿಟ್ಟು ನೋಡುವುದಿಲ್ಲ. ಕೇಳುವವರ ವಿಷಯದಲ್ಲೂ ಕಣ್ಣು ಕಟ್ಟಿಕೊಂಡವರ ವಿಷಯದಲ್ಲೂ ತಂಟೆಯಿಲ್ಲ. ರಾತ್ರಿ ನಿದ್ದೆ ಕೆಡಿಸುವವರು ನಡುವಿನವರು, “ನಿಮ್ಮಿಷ್ಟ” ಎನ್ನುವವರು. ಹೆಂಡತಿ “ನಿಮ್ಮಿಷ್ಟ” ಅಂದಾಗ ಯಾವ ಗಂಡ ನೆಮ್ಮದಿಯಿಂದ ಮಲಗಿದ್ದಾನೆ?

“ಕಳಿಸದಿದ್ದರೆ ತಪ್ಪು ತಿಳಿಯುವುದಿಲ್ಲ ಅಂತ ಅವರೇ ಹೇಳ್ತಾರಲ್ಲ” ಎಂದೆ.

“ಮಾವ, ನೀವು ಹುಡುಗಿ ನೋಡೋಕೆ ಹೋದ ಕಾಲ ನೆನೆಸಿಕೊಳ್ಳಿ” ಎಂದ ಅಳಿಯ. “ಫೋಟೊ ಕೊಟ್ಟು, ಜಾತಕ ಕೊಡದೆ, ನಮಗದರಲ್ಲಿ ನಂಬಿಕೆಯಿಲ್ಲ ಅಂದಿದ್ದರೆ ನಿಮ್ಮಮ್ಮ ಏನಂತಿದ್ದರು?”

ನಮ್ಮಮ್ಮ ಏನೂ ಅನ್ನುತ್ತಿರಲಿಲ್ಲ. ಬಸ್ಸು ಹತ್ತಿದ ಮೇಲೆ ಕುಜದೋಷ ಅನ್ನುತ್ತಿದ್ದರು. ಮೂಲಾ ನಕ್ಷತ್ರ ಅಂತಲೂ ಸೇರಿಸುತ್ತಿದ್ದರು. ಕೊಟ್ಟ ಜಾತಕದಲ್ಲಿರುವುದು ಒಂದೇ ದೋಷ. ಕೊಡದ ಜಾತಕದಲ್ಲಿ ಊರಿನ ದೋಷವೆಲ್ಲ ಇರುತ್ತದೆ. ನ್ಯೂಜೆರ್ಸಿಯ ಎಡಿಸನ್ ಊರಿನ ಸುತ್ತಮುತ್ತ, ಬಾಯಿತುಂಬ ಭಾರತದ ಹೆಸರಿಟ್ಟುಕೊಂಡು, ದೊಡ್ಡ ಸ್ಕೂಲಿನಲ್ಲಿ ಓದಿದ ಹುಡುಗ ಅಂಕ ಕಳಿಸದಿದ್ದರೆ ಅರ್ಜಿ ಓದುವವರು ಏನೆಂದುಕೊಂಡಾರು ಎಂಬುದೇ ಅಳಿಯನ ಹೆದರಿಕೆ. ಅವರು ಏನೂ ಅಂದುಕೊಳ್ಳದೆಯೂ ಇರಬಹುದು. ಆದರೆ ಕನ್ನಡ ಕೂಟದಲ್ಲಿ ಅದನ್ನು ನಂಬುವವರು ಯಾರೂ ಸಿಗಲಿಲ್ಲ.

ಹಾಗಿದ್ದರೆ ಕಳಿಸಿಬಿಡಿ ಎಂದರೆ, ಅದೂ ಆಗದು. ಅದಕ್ಕೊಂದು ಲೆಕ್ಕವಿದೆ. ಸೇರಿದ ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿ, ಮೇಲಿನ ಕಾಲುಭಾಗ, ಕೆಳಗಿನ ಕಾಲುಭಾಗ ಬಿಟ್ಟು, ನಡುವಿನವರ ಅಂಕ ಎಲ್ಲಿಂದ ಎಲ್ಲಿಯವರೆಗೆ ಎಂದು ಕಾಲೇಜುಗಳು ಪ್ರಕಟಿಸುತ್ತವೆ. ನಿಮ್ಮದು ಅದರೊಳಗಿದ್ದರೆ ಕಳಿಸಿ, ಕೆಳಗಿದ್ದರೆ ಸುಮ್ಮನಿರಿ ಎಂಬುದು ರೂಢಿಯ ಸಲಹೆ. ಗಂಟೆಗಿಷ್ಟು ಎಂದು ದುಡ್ಡು ತೆಗೆದುಕೊಂಡು ಹೇಳುವ ಕೌನ್ಸೆಲರುಗಳೂ ಕಡೆಗೆ ಇದನ್ನೇ ಹೇಳುತ್ತಾರೆ. ಈಗ ಗಮನಿಸಿ. ಕಡಿಮೆ ಬಂದವರು ಕಳಿಸುವುದೇ ಇಲ್ಲ, ಅಂದಮೇಲೆ ಕೆಳಗಿನ ಸಾಲು ಖಾಲಿ. ನಡುವಿನದು ತಾನಾಗಿ ಮೇಲೇರುತ್ತದೆ. ಮರುವರ್ಷ ಅದನ್ನು ನೋಡಿ ಇನ್ನಷ್ಟು ಮಕ್ಕಳು ಹಿಂಜರಿಯುತ್ತಾರೆ, ಅದು ಇನ್ನಷ್ಟು ಏರುತ್ತದೆ. ಮಕ್ಕಳು ಮೊದಲಿಗಿಂತ ಜಾಣರಾದರೋ, ಗುಟ್ಟು ಮಾಡುವುದರಲ್ಲಿ ಜಾಣರಾದರೋ, ಆ ಅಂಕೆ ನೋಡಿ ಹೇಳಲಾಗದು.

ಇದರಲ್ಲಿ ನಿಜವಾಗಿ ಮೋಸಹೋದವರು ಬೇರೆಯೇ ಇದ್ದಾರೆ. ಡಾರ್ಟ್‌ಮತ್ತಿನವರು ಮತ್ತೆ ಕಡ್ಡಾಯ ಮಾಡುವ ಮುಂಚೆ ತಮ್ಮ ಪ್ರಾಧ್ಯಾಪಕರಿಂದಲೇ ಲೆಕ್ಕ ಹಾಕಿಸಿದರು. ಅನುಕೂಲವಿಲ್ಲದ ಮನೆಯ ಮಕ್ಕಳು, ಸಾಧಾರಣ ಸ್ಕೂಲಿನವರು, 1400ರ ಮೇಲೆ ಬಂದರೂ ಸಾಲದೇನೋ ಎಂದು ಮುಚ್ಚಿಟ್ಟಿದ್ದರು. ಅಂಥ ಸ್ಕೂಲಿನಿಂದ ಅಷ್ಟು ಬಂದದ್ದನ್ನು ಕಂಡಿದ್ದರೆ ಕಾಲೇಜು ಸೇರಿಸಿಕೊಳ್ಳುವ ಸಂಭವ ಹೆಚ್ಚುತ್ತಿತ್ತು. ತೋರಿಸಲಿಲ್ಲ, ಅವಕಾಶ ತಪ್ಪಿತು. ಅವರಿಗೆ “ಕಳಿಸೋ ಮಾರಾಯ” ಎನ್ನುವ ಒಬ್ಬ ಸೋದರಮಾವನಾದರೂ ಇರಬಾರದಿತ್ತೇ? ನನಗೆ ಈ “ನಿಮ್ಮಿಷ್ಟ”ದ ಮೇಲೆ ಸಿಟ್ಟು ಬಂದದ್ದು ಇಲ್ಲಿ ಮಾತ್ರ. ಮಿಕ್ಕದ್ದೆಲ್ಲ ತಮಾಷೆಯೇ.

ಅಂಕದ ಮಹಿಮೆಯೂ ಅಷ್ಟರದ್ದೇ ಅನ್ನಿ. 1926ರಲ್ಲಿ ಈ ಪರೀಕ್ಷೆ ಮೊದಲ ಸಲ ನಡೆದಾಗ ಅದನ್ನು ರೂಪಿಸಿದವನು ಪ್ರಿನ್ಸ್‌ಟನ್ನಿನ ಕಾರ್ಲ್ ಬ್ರಿಗಮ್. ಯಾವ ಜನಾಂಗಕ್ಕೆ ಬುದ್ಧಿ ಹೆಚ್ಚು ಎಂದು ಅಳೆದು 1923ರಲ್ಲಿ ಪುಸ್ತಕ ಬರೆದಿದ್ದ ಮಹಾಶಯ. 1930ರಲ್ಲಿ ತಾನೇ ಆ ಲೆಕ್ಕಕ್ಕೆ ಬುಡವಿಲ್ಲ ಎಂದು ಹಿಂತೆಗೆದುಕೊಂಡ. ಪರೀಕ್ಷೆ ಮಾತ್ರ ಉಳಿಯಿತು. ಈಗ ಕಂಪ್ಯೂಟರಿನಲ್ಲಿ ಎರಡೂಕಾಲು ಗಂಟೆಯಷ್ಟೇ. ಮೊದಲ ಭಾಗ ಹೇಗೆ ಬರೆದಿರಿ ಎಂಬುದನ್ನು ನೋಡಿಕೊಂಡು ಎರಡನೆಯ ಭಾಗದ ಪ್ರಶ್ನೆಗಳನ್ನು ಕಷ್ಟವೋ ಸುಲಭವೋ ಮಾಡಿ ಕೊಡುತ್ತದಂತೆ.

ನಮ್ಮ ಮನೆಯಲ್ಲಿ ತೀರ್ಮಾನ ಮಾತ್ರ ಮುಂದೆ ಹೋಗುತ್ತಲೇ ಇತ್ತು. ಅಷ್ಟರಲ್ಲಿ ಮೈಸೂರಿನಿಂದ ನಮ್ಮಕ್ಕನ ಫೋನು. ಎತ್ತಿದವಳು ನನ್ನಾಕೆ.

“ಎಷ್ಟು ಬಂತೇ ಮೊಮ್ಮಗನಿಗೆ?”

“ಸಾವಿರದ ನಾನೂರ ಮೂವತ್ತು, ಅತ್ತಿಗೆ.”

“ಎಷ್ಟಕ್ಕೆ?”

“ಸಾವಿರದ ಆರುನೂರಕ್ಕೆ.”

ಅಕ್ಕ ರಿಟೈರಾದ ಗಣಿತದ ಮೇಡಂ. “ಎಂಬತ್ತೊಂಬತ್ತು ಪರ್ಸೆಂಟು. ಪರವಾಗಿಲ್ಲ ಬಿಡು. ನಮ್ಮ ಬೀಗರ ಮೊಮ್ಮಗಳಿಗೆ ತೊಂಬತ್ತಾರು.” ಆ ಪರೀಕ್ಷೆಯಲ್ಲಿ ಸೊನ್ನೆಯೇ ಇಲ್ಲ, ಎಣಿಕೆ ಶುರುವಾಗುವುದೇ 400ರಿಂದ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳಿಗಿಂತ ನಮ್ಮವನು ಮುಂದಿದ್ದಾನೆ ಎಂದೆಲ್ಲ ನನ್ನಾಕೆ ವಿವರಿಸತೊಡಗಿದಳು. ಅಡುಗೆಮನೆಯಿಂದ ಮಗಳು ಸೌಟು ಹಿಡಿದೇ ಓಡಿಬಂದಳು: “ಅಮ್ಮಾ, ಅವರಿಗೆ ಕಳಿಸು ಅಂತ ನಿನಗೆ ಯಾರು ಹೇಳಿದ್ದು?”