ಸಿಗ್ನಲ್‌ನಲ್ಲಿ ಆಫ್ ಆಗುತ್ತಿದ್ದ ನಮ್ಮ ಮಾರುತಿ 800

ಬೆಳಿಗ್ಗೆ ಒಂಬತ್ತೂವರೆ. ಹೆಬ್ಬಾಳದ ಎಸ್ಟೀಮ್ ಮಾಲ್ ಹತ್ತಿರ ನಮ್ಮ ಮಾರುತಿ 800 ನಿಂತುಹೋಯಿತು. ಹಿಂದಿನ ಸೀಟಿನಲ್ಲಿ ಅಮ್ಮ. ಹಿಂದಿನ ದಿನವಷ್ಟೇ ಅವರಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಪಟ್ಟಿ ಬಿಚ್ಚಿಸಲು ಆಸ್ಪತ್ರೆಗೆ ಹೊರಟಿದ್ದೆವು. ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತೆ, ಆಕ್ಸಿಲೇಟರ್‌ನಿಂದ ಕಾಲು ತೆಗೆದರೆ ಗಡಗಡ ನಡುಗಿ ಆಫ್. ಹಿಂದೆ ಬಿಎಂಟಿಸಿ ಬಸ್ಸು, ಅದರ ಹಿಂದೆ ಟ್ಯಾಕ್ಸಿಗಳ ಸಾಲು. ಎಲ್ಲರೂ ಹಾರನ್ ಒತ್ತುವವರೇ.

'ಅದಕ್ಕೇ ಬಸ್ಸಲ್ಲಿ ಹೋಗಾನ ಅಂದಿದ್ದು' ಅಂದರು ಅಮ್ಮ. ಅಪ್ಪ ಮಾತಾಡದೆ ಇಳಿದು ತಳ್ಳಿದರು. ಅವರಿಗೆ ವಯಸ್ಸು ಅರವತ್ತೆಂಟು.

ದೊಡ್ಡಬಳ್ಳಾಪುರದ ಕಡೆಯ ನಮ್ಮ ಹಳ್ಳಿಯಿಂದ ರಾಜಾನುಕುಂಟೆ, ಯಲಹಂಕ ದಾಟಿ ಹೆಬ್ಬಾಳಕ್ಕೆ ಬಸ್ಸಿಗೇನೂ ಕೊರತೆ ಇಲ್ಲ. ಆದರೆ ಆಪರೇಷನ್ ಆದ ಕಣ್ಣಿಗೆ ಧೂಳು ಬೀಳಬಾರದು, ನೂಕುನುಗ್ಗಲು ಬೇಡ ಎಂದು ಡಾಕ್ಟರ್ ಹೇಳಿದ್ದರು. ವಾರ ಬಿಟ್ಟು ಒಂದು ಸಲ, ತಿಂಗಳು ಬಿಟ್ಟು ಇನ್ನೊಂದು ಸಲ ತೋರಿಸಬೇಕಿತ್ತು. ಅಷ್ಟರೊಳಗೆ ಗಾಡಿ ಸರಿಯಾಗಬೇಕಿತ್ತು.

ನಮ್ಮದು 1998ರ ಮಾಡೆಲ್, ಕಾರ್ಬುರೇಟರ್ ಗಾಡಿ. ಒಂದು ವರ್ಷ ರೇಷ್ಮೆಗೂಡಿಗೆ ಒಳ್ಳೆ ರೇಟು ಸಿಕ್ಕಾಗ ಅಪ್ಪ ಸೆಕೆಂಡ್ ಹ್ಯಾಂಡಲ್ಲಿ ತಂದಿದ್ದು. ಮಾರುತಿ 800 ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ, ಕಂಪನಿ ಅದನ್ನು ತಯಾರಿಸುವುದು ನಿಲ್ಲಿಸಿದ್ದು 2014ರ ಜನವರಿಯಲ್ಲಿ. 796 ಸಿಸಿ, ಮೂರು ಸಿಲಿಂಡರ್. ನಮ್ಮ ಕಡೆ ಎಷ್ಟೋ ಮನೆಗಳಿಗೆ ಬಂದ ಮೊದಲ ಕಾರು ಇದೇ.

ಅವತ್ತು ದಾರಿಯಲ್ಲಿ ಸಿಕ್ಕ ಮೆಕ್ಯಾನಿಕ್ ಬಾನೆಟ್ ಎತ್ತಿ ಒಂದು ಸ್ಕ್ರೂ ಅರ್ಧ ಸುತ್ತು ತಿರುಗಿಸಿದ. ಇಂಜಿನ್ ಜೋರಾಯಿತು. 'ಐಡ್ಲಿಂಗ್ ಕಮ್ಮಿ ಇತ್ತು ಅಷ್ಟೇ' ಅಂತ ಇನ್ನೂರು ರೂಪಾಯಿ ತಗೊಂಡ. ನಾವೂ ಖುಷಿಯಾಗಿ ಹೊರಟೆವು.

ಖುಷಿ ಮೂರು ದಿನ ಉಳಿಯಿತು. ಕ್ಲಚ್ ಬಿಟ್ಟರೆ ಗಾಡಿ ತಾನಾಗಿಯೇ ನುಗ್ಗುತ್ತಿತ್ತು. ಹಂಪ್ ಬಂದರೆ ಭಯ. ಪೆಟ್ರೋಲ್ ಕುಡಿಯುವುದು ಹೆಚ್ಚಾಯಿತು. ಅಷ್ಟೆಲ್ಲ ಆದಮೇಲೂ ವಾರದ ಚೆಕಪ್ಪಿಗೆ ಹೋಗುವಾಗ ಕೋಗಿಲು ಕ್ರಾಸ್ ಸಿಗ್ನಲ್‌ನಲ್ಲಿ ಮತ್ತೆ ಎರಡು ಸಲ ಆಫ್. ಇನ್ನೊಂದು ಗ್ಯಾರೇಜಿನಲ್ಲಿ ಕೇಳಿದರೆ 'ಕಾರ್ಬುರೇಟರ್ರೇ ಚೇಂಜ್ ಮಾಡಬೇಕು' ಎಂದು ಆರು ಸಾವಿರ ಹೇಳಿದರು. ಅಪ್ಪ ಆ ರಾತ್ರಿ ಊಟ ಮಾಡುತ್ತಾ, 'ಗುಜರಿಗೆ ಹಾಕಿಬಿಡಾನ ಬಿಡು' ಅಂದರು. ತಟ್ಟೆಯಿಂದ ಮುಖ ಎತ್ತಲಿಲ್ಲ.

ಕೊನೆಗೆ ಪರಿಚಯದವರೊಬ್ಬರು ಯಲಹಂಕ ಓಲ್ಡ್ ಟೌನಿನ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಕಳಿಸಿದರು. ಎಲ್ಲರೂ ಅವರನ್ನು ಭಾಯ್ ಅನ್ನುತ್ತಾರೆ. ಭಾಯ್ ಸ್ಪ್ಯಾನರ್ ಮುಟ್ಟಲೇ ಇಲ್ಲ. ಇಂಜಿನ್ ಬಿಸಿಯಾಗುವ ತನಕ ಓಡಿಸಿ, ಕಿವಿಗೊಟ್ಟು ನಿಂತರು. 'ಯಜಮಾನ್ರೇ, ಎಲ್ಲೋ ಏರ್ ತಗೊಳ್ತಾ ಇದೆ' ಅಂದರು ಅಪ್ಪನಿಗೆ.

ಆಮೇಲೆ ಅವರು ಬಿಡಿಸಿ ಹೇಳಿದ್ದು ಇದು. ನಾವು ಆಕ್ಸಿಲೇಟರ್ ಬಿಟ್ಟಾಗ ಇಂಜಿನ್ನಿಗೆ ಗಾಳಿ ಹೋಗುವ ದೊಡ್ಡ ಬಾಗಿಲು ಹೆಚ್ಚುಕಮ್ಮಿ ಮುಚ್ಚಿರುತ್ತದೆ. ಸ್ಲೋ ಜೆಟ್ ಎಂಬ ಸಣ್ಣ ತೂತಿನಿಂದ ಬರುವ ಒಂದಿಷ್ಟು ಪೆಟ್ರೋಲ್, ಅದಕ್ಕೆ ತಕ್ಕಷ್ಟು ಗಾಳಿ, ಇಷ್ಟರಲ್ಲೇ ಇಂಜಿನ್ ಉಸಿರು ಹಿಡಿದಿರಬೇಕು. ನಮ್ಮ ಗಾಡಿಗೆ ನಿಮಿಷಕ್ಕೆ ಸುಮಾರು 900 ಸುತ್ತು ಬೇಕು. ಯಾವುದೋ ಪೈಪ್ ಒಡೆದು ಕಾರ್ಬುರೇಟರ್ ದಾಟಿದ ಮೇಲೆ ಕಳ್ಳಗಾಳಿ ನುಗ್ಗಿದರೆ ಪೆಟ್ರೋಲಿನ ಪ್ರಮಾಣ ಕಡಿಮೆಯಾಗಿ ಇಂಜಿನ್ ಸಾಯುತ್ತದೆ. ಸ್ಪೀಡಲ್ಲಿ ಹೋಗುವಾಗ ಅಷ್ಟು ಗಾಳಿ ಲೆಕ್ಕಕ್ಕಿಲ್ಲ, ಅದಕ್ಕೇ ರೋಡಲ್ಲಿ ಗಾಡಿ ಚೆನ್ನಾಗಿರುತ್ತದೆ, ಸಿಗ್ನಲ್‌ನಲ್ಲಿ ನಿಲ್ಲುತ್ತದೆ.

ಭಾಯ್ ಒಂದೊಂದೇ ರಬ್ಬರ್ ಪೈಪನ್ನು ಬೆರಳಲ್ಲಿ ಅಮುಕಿ ಹಿಡಿದರು. ಇಂಜಿನ್ನಿನ ಒಳಗಿನ ಹೊಗೆಯನ್ನು ವಾಪಸ್ ಎಳೆದುಕೊಳ್ಳುವ ಪಿಸಿವಿ ಪೈಪ್ ಹಿಡಿದಾಗ ಸದ್ದು ಬದಲಾಯಿತು. ಬಿಚ್ಚಿ ತಿರುಗಿಸಿದರೆ ಕೆಳಗಡೆ ಉದ್ದಕ್ಕೆ ಸೀಳು. ಮೇಲಿಂದ ನೋಡಿದವರಿಗೆ ಕಾಣುವ ಹಾಗೇ ಇರಲಿಲ್ಲ. ಶಾಖಕ್ಕೆ ರಬ್ಬರ್ ಹಪ್ಪಳದ ಹಾಗೆ ಆಗಿತ್ತು.

ಹೊಸ ಪೈಪ್, ಎರಡು ಕ್ಲಿಪ್ ಸೇರಿ ನೂರಿಪ್ಪತ್ತು ರೂಪಾಯಿ. ಸ್ಲೋ ಜೆಟ್ ಬಿಚ್ಚಿ ಕ್ಲೀನರ್ ಹೊಡೆದು ಗಾಳಿ ಊದಿದರು. ಕಡೆಗೆ, ಮೊದಲಿನವನು ತಿರುಗಿಸಿದ್ದ ಸ್ಕ್ರೂ ವಾಪಸ್ ಇಳಿಸಿ, ಹೆಡ್‌ಲೈಟ್ ಹಾಕಿ ನೋಡಿದರು. ಸದ್ದು ಒಂದು ಗಳಿಗೆ ತಗ್ಗಿತು, ಮತ್ತೆ ಸರಿಹೋಯಿತು. ಎಲ್ಲ ಸೇರಿ ಐನೂರು.

ಹಳೇ ಗಾಡಿ ಇರುವವರು ಗ್ಯಾರೇಜಿಗೆ ಹೋಗುವ ಮುಂಚೆ ಇಷ್ಟು ನೆನಪಿಟ್ಟುಕೊಳ್ಳಿ. ಏರ್ ಫಿಲ್ಟರ್ ಧೂಳು ಕಟ್ಟಿದೆಯಾ, ಸ್ಪಾರ್ಕ್ ಪ್ಲಗ್ ಕಪ್ಪಾಗಿದೆಯಾ, ರಬ್ಬರ್ ಪೈಪುಗಳು ಗಟ್ಟಿಯಾಗಿ ಸೀಳಿವೆಯಾ ಎಂದು ಮೊದಲು ನೋಡಿಸಿ. ಐಡ್ಲಿಂಗ್ ಸ್ಕ್ರೂ ಕೊನೆಗೆ. ಬ್ರೇಕ್ ತುಳಿದಾಗ ಮಾತ್ರ ಆಫ್ ಆಗುತ್ತಿದ್ದರೆ ಬ್ರೇಕ್ ಬೂಸ್ಟರ್ ಮತ್ತು ಅದರ ಪೈಪ್ ಮೇಲೆ ಅನುಮಾನ ಪಡಿ. ಬೂಸ್ಟರ್ ಇರುವ ಗಾಡಿ ಓಡುವಾಗಲೇ ಆಫ್ ಆದರೆ ಒಂದೆರಡು ಸಲ ತುಳಿದ ಮೇಲೆ ಬ್ರೇಕ್ ಕಲ್ಲಿನಂತಾಗುತ್ತದೆ. ಆಗ ಪಂಪ್ ಮಾಡದೆ, ಒಂದೇ ಸಲ ಬಲವಾಗಿ ತುಳಿದು ಹಿಡಿಯಿರಿ. ನಿಮ್ಮದು ಎಂಪಿಎಫ್‌ಐ ಗಾಡಿಯಾದರೆ ಕಾರ್ಬುರೇಟರ್ ಇರುವುದಿಲ್ಲ. ಅಲ್ಲಿ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದ್ದರೂ ಇದೇ ಕಾಯಿಲೆ ಬರುತ್ತದೆ, ಕ್ಲೀನ್ ಮಾಡಿಸಿದರೆ ಬಹಳ ಸಲ ಸಾಕು.

ಇನ್ನೊಂದು ಮಾತು. ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. ಕಬ್ಬು ಬೆಳೆಯುವ, ಮೆಕ್ಕೆಜೋಳ ಬೆಳೆಯುವ ನಮ್ಮಂಥವರ ಬೆಳೆಯಿಂದಲೇ ಎಥೆನಾಲ್ ಬರುವುದು, ಸಂತೋಷ. ಆದರೆ ಹಳೇ ಗಾಡಿಗಳ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ. ಪೆಟ್ರೋಲ್ ಪೈಪುಗಳನ್ನು ಆಗಾಗ ಮುಟ್ಟಿ ನೋಡಿ. ಜಿನುಗುತ್ತಿದ್ದರೆ ತಡ ಮಾಡಬೇಡಿ, ಬೆಂಕಿಯ ವಿಷಯ.

ತಿಂಗಳ ಚೆಕಪ್ಪಿಗೆ ಅದೇ ಗಾಡಿಯಲ್ಲಿ ಹೋದೆವು. ಹೆಬ್ಬಾಳದಲ್ಲಿ ಎಂದಿನಂತೆ ಜಾಮ್. ಇಪ್ಪತ್ತು ನಿಮಿಷ ನಿಂತೆವು, ಇಂಜಿನ್ ಆಫ್ ಆಗಲಿಲ್ಲ. ಅಪ್ಪ ಮಾತ್ರ ಅಭ್ಯಾಸಬಲದಿಂದ ಬಾಗಿಲ ಹಿಡಿಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಅಮ್ಮ ಕಿಟಕಿಯಿಂದ ಮುಂದಿನ ಬಸ್ಸಿನ ಬೋರ್ಡು ನೋಡಿ, ಅಕ್ಷರ ಕೂಡಿಸಿಕೊಂಡು ಓದಿದರು: 'ಯ-ಶ-ವಂ-ತ-ಪು-ರ.'