ಮೀನಿಗಿಂತ ಮೊದಲು ನೀರು

ನಮ್ಮ ಮನೆಯ 60 ಲೀಟರಿನ ಗಾಜಿನ ತೊಟ್ಟಿಯಲ್ಲಿ 5 ವಾರಗಳ ಕಾಲ ಒಂದು ಮೀನೂ ಇರಲಿಲ್ಲ. ಅತಿಥಿಗಳು ನಕ್ಕರು, ಮಕ್ಕಳು ಮುನಿದರು.

ಮೀನಿನ ತ್ಯಾಜ್ಯದಿಂದ ಉಂಟಾಗುವ ಅಮೋನಿಯಾ ವಿಷ. ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟಾಗಿ (ಅದೂ ವಿಷವೇ), ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಅವು ಮರಳಿನಲ್ಲಿಯೂ ಫಿಲ್ಟರಿನಲ್ಲಿಯೂ ನೆಲೆಯೂರಲು ವಾರಗಳು ಬೇಕು. ಅವುಗಳಿಗೆಂದೇ ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ನೀರಿಗೆ ಹಾಕಿ ಕೊಳೆಯಲು ಬಿಟ್ಟೆವು. ಹೊಳೆಯ ಮೀನು ಕೆಟ್ಟ ನೀರಿನಿಂದ ದೂರ ಈಜಬಲ್ಲದು. ಗಾಜಿನೊಳಗಿನದು ಎಲ್ಲಿಗೆ ಹೋದೀತು? ಬೆಕ್ಕನ್ನು ಕೂಡಿಹಾಕಿ, ಉಣಿಸದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಸ್ತ್ರೀಯ ಕುರಿತ ಹದೀಸ್ ನಮಗೆಲ್ಲ ತಿಳಿದದ್ದೇ.

ಆ ವಾರಗಳು ಗಿಡಗಳಿಗೆ ಮೀಸಲಾದವು. ವ್ಯಾಲಿಸ್ನೇರಿಯಾವನ್ನು ಹಿಂಬದಿಯ ಮರಳಿನಲ್ಲಿ ನೆಟ್ಟೆವು. ಜಾವಾ ಫರ್ನಿನ ದಪ್ಪ ಕಾಂಡ ಹೂಳಿದರೆ ಕೊಳೆಯುತ್ತದೆ. ಅದನ್ನು ನೂಲಿನಿಂದ ಮರದ ತುಂಡಿಗೆ ಕಟ್ಟಿದೆವು. ಕ್ರಿಪ್ಟೊಕೊರೈನ್ ಎಲೆಗಳೆಲ್ಲ ಕರಗಿಹೋದಾಗ ಕಿತ್ತೆಸೆಯೋಣವೆಂಬ ಮಾತು ಬಂತು. ನೆಲೆ ಬದಲಾದರೆ ಆ ಗಿಡ ಹಾಗೆಯೇ. ಬೇರು ಜೀವಂತವಾಗಿತ್ತು, ಹೊಸ ಎಲೆ ಚಿಗುರಿತು.

ಅಂಗಡಿಯಲ್ಲಿ ಮಕ್ಕಳ ಕಣ್ಣು ಡೆನಿಸನ್ ಬಾರ್ಬಿನ ಕೆಂಪು ಗೆರೆಯ ಮೇಲೆ ಬಿತ್ತು. ಅದು ನಮ್ಮ ಪಶ್ಚಿಮ ಘಟ್ಟದ ತೊರೆಗಳ ಮೀನು, ಅಳಿವಿನ ಅಪಾಯದಲ್ಲಿರುವುದು. ಅದಕ್ಕೆ ಹರಿಯುವ ನೀರೂ ವಿಶಾಲ ಸ್ಥಳವೂ ಬೇಕು. ಬೇಡವೆಂದೆವು. ಒಂದಿಷ್ಟು ಅಳುವೂ ಆಯಿತು. ಬದಲಿಗೆ ಗುಂಪಿನಲ್ಲಿ ಬಾಳುವ ಪುಟ್ಟ ಹಾರ್ಲಿಕ್ವಿನ್ ರಾಸ್ಬೋರಾಗಳು 8 ಬಂದವು. ಕೆಲವು ವಾರಗಳ ಬಳಿಕ ತಳದಲ್ಲಿ ಮೇಯುವ ಕೋರಿಡೋರಸ್ 6.

ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಾಯಿಸುವ ಕೆಲಸ ಈಗ ಮಕ್ಕಳದು. ಕ್ಲೋರಿನ್ ತೆಗೆಯದ ನಲ್ಲಿನೀರನ್ನು ಅವರು ತೊಟ್ಟಿಯ ಬಳಿಗೂ ತರಗೊಡುವುದಿಲ್ಲ.