‘ಯಮ್ ಚಾ’ ಎಂಬ ಮಾತು

ಹಾಂಕಾಂಗಿನ ಕೌಲೂನಿನಲ್ಲಿ ನಾನು ಇಳಿದುಕೊಂಡಿದ್ದ ಮನೆಯ ವೃದ್ಧೆಯು ಒಂದು ಭಾನುವಾರ ಬೆಳಗ್ಗೆ “ಯಮ್ ಚಾ?” ಎಂದು ಕೇಳಿದಳು. ಅಷ್ಟರಲ್ಲಿ ನಾನು ಕ್ಯಾಂಟನೀಸ್ ನುಡಿಯ ನಾಲ್ಕಾರು ಪದಗಳನ್ನು ಕಲಿತಿದ್ದೆನು. ‘ಯಮ್’ ಎಂದರೆ ಕುಡಿಯುವುದು. ‘ಚಾ’ ಎಂಬುದಂತೂ ನಮ್ಮ ಚಹದ ಮೂಲಶಬ್ದವೇ. ಅರ್ಥವಾಯಿತೆಂಬ ಹೆಮ್ಮೆಯಿಂದ, ಬರಿದಾದ ಬಟ್ಟಲನ್ನು ತೋರಿಸಿ, ಆಗಲೇ ಆಯಿತೆಂದು ಸನ್ನೆ ಮಾಡಿದೆನು. ಆಕೆಯ ಮುಖವು ಬಾಡಿತು.

ಮೊಮ್ಮಗನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ ಮೇಲೆ ನನ್ನ ಅವಿವೇಕವು ತಿಳಿಯಿತು. ಆಕೆ ನನ್ನನ್ನು ಪಂಕ್ತಿಗೆ ಕರೆದಿದ್ದಳು! ಮನೆಮಂದಿಯೆಲ್ಲ ಚಹದಂಗಡಿಯ ದುಂಡುಮೇಜಿನ ಸುತ್ತ ಕುಳಿತು, ಬಿದಿರುಬುಟ್ಟಿಗಳಲ್ಲಿ ಹಬೆಯಾಡುವ ‘ಡಿಮ್ ಸಮ್’ ತಿಂಡಿಗಳನ್ನು ಹಂಚಿಕೊಳ್ಳುತ್ತ ಗಂಟೆಗಟ್ಟಲೆ ಮಾತನಾಡುವುದಕ್ಕೆ ಆ ಹೆಸರು.

ಒಡನೆಯೇ ಹೊರಟೆನು. ಸಸ್ಯಾಹಾರಿಯಾದ ನನಗೆ ಹೆಚ್ಚಿನ ಬುಟ್ಟಿಗಳು ನೋಟಕ್ಕೆ ಮಾತ್ರವೇ ದೊರೆತವೆನ್ನಿ. ಅಲ್ಲಿ ತಾನು ಕುಡಿಯುವ ಮೊದಲು ಇತರರ ಬಟ್ಟಲನ್ನು ತುಂಬುವುದು ರೂಢಿ; ಬಡಿಸಿಕೊಂಡವರು ಮಾತು ನಿಲ್ಲಿಸದೆ, ಬೆರಳಿನಿಂದ ಮೇಜನ್ನು ಮೆಲ್ಲನೆ ತಟ್ಟಿ ಕೃತಜ್ಞತೆಯನ್ನು ಸೂಚಿಸುವರು. ಹೂಜಿಯ ಮುಚ್ಚಳವನ್ನು ಓರೆಯಾಗಿಟ್ಟರೆ ಸಾಕು, ಬಿಸಿನೀರು ಬರುವುದು.

ಮುಂದಿನ ಭಾನುವಾರ ನಾನೇ ಮೊದಲು “ಯಮ್ ಚಾ?” ಎಂದೆನು. ವೃದ್ಧೆಯು ನಕ್ಕು, ಬಾಗಿಲ ಬಳಿ ಆಗಲೇ ಸಿದ್ಧವಾಗಿದ್ದ ಕೊಡೆಯನ್ನು ಕೈಗೆತ್ತಿಕೊಂಡಳು.